ಕಿಟೆಲ್ ಅವರ ‘ಕಥಾಮಾಲೆ’ಯೂ ಓದುಗರಿಗೆ ಸಿಗಲಿ

ಮಾನ್ಯ ಸಂಪಾದಕರೇ,

ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಎಂದೊಡನೆ ನಮಗೆಲ್ಲ ನೆನಪಾಗುವುದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟು. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಅದರ ಮರುಮುದ್ರಣದ ಪ್ರತಿಯೊಂದಿದೆ. ಬೆನ್ನು ಹರಿದಾಗ ತಂದೆಯವರು ಮೈದಾ ಅಂಟಿನಿಂದ ಹಳೆಯ ಪಂಚೆಯ ತುಂಡನ್ನು ಅಂಟಿಸಿ ಉಳಿಸಿಕೊಂಡದ್ದು. ಪದದ ಅರ್ಥ ಹುಡುಕಹೋದವರು ಅಲ್ಲಿನ ಗಾದೆಗಳನ್ನು ಓದುತ್ತಾ ಹೊತ್ತು ಮರೆಯುವುದುಂಟು.

ಆದರೆ 1853ರಲ್ಲಿ ಧರ್ಮಪ್ರಚಾರಕರಾಗಿ ಇಲ್ಲಿಗೆ ಬಂದ ಈ ಜರ್ಮನ್ ತರುಣ, ನಿಘಂಟಿಗೆ ಮೂರು ದಶಕಗಳ ಮೊದಲೇ, 1862ರಲ್ಲಿ, ಯೇಸುವಿನ ಜೀವನವನ್ನು ಕನ್ನಡ ಕಾವ್ಯದ ಛಂದಸ್ಸಿಗೆ ಒಗ್ಗಿಸಿ ‘ಕಥಾಮಾಲೆ’ಯನ್ನು ರಚಿಸಿದ್ದರೆಂಬುದು ಹೆಚ್ಚು ಮಂದಿಗೆ ತಿಳಿದಿಲ್ಲ. ತಮ್ಮ ನಾಡಿನ ಸ್ತುತಿಗೀತೆಗಳ ಧಾಟಿಗೆ ಕನ್ನಡವನ್ನು ಬಗ್ಗಿಸುವ ಬದಲು, ತಮ್ಮ ಭಕ್ತಿಯನ್ನೇ ಕನ್ನಡದ ನಡೆಗೆ ಒಪ್ಪಿಸಿದ ಆ ವಿನಯ ನನಗೆ ನಿಘಂಟಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಕೇಶಿರಾಜನ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನೂ ಅವರು ಸಂಪಾದಿಸಿದ್ದರ ಹಿಂದೆಯೂ ಇದೇ ಕಿವಿ ಕೆಲಸ ಮಾಡಿರಬೇಕು.

ನಗರದಲ್ಲಿ ನಾನು ವಿಚಾರಿಸಿದ ಎರಡು ಗ್ರಂಥಾಲಯಗಳಲ್ಲಿ ‘ಕಥಾಮಾಲೆ’ಯ ಪ್ರತಿ ಸಿಗಲಿಲ್ಲ, ಒಂದೆಡೆ ಹೆಸರನ್ನೇ ಎರಡು ಬಾರಿ ಬರೆದು ಕೊಡಬೇಕಾಯಿತು. ಕನ್ನಡ ಅಧ್ಯಯನಕ್ಕೆ ಹೆಸರಾದ ಮೈಸೂರಿನಲ್ಲೇ ಹೀಗಾಗಬಾರದು. ಇಲ್ಲಿನ ವಿಶ್ವವಿದ್ಯಾನಿಲಯವಾಗಲಿ, ಕನ್ನಡ ಪುಸ್ತಕ ಪ್ರಾಧಿಕಾರವಾಗಲಿ ಅದನ್ನು ಪದಕೋಶ ಮತ್ತು ಛಂದಸ್ಸಿನ ಟಿಪ್ಪಣಿಗಳೊಡನೆ ಸುಲಭ ಬೆಲೆಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು