ಮಾಟುಂಗಾದ ಆ ಹಿರಿಯರಿಗೆ

2004ರ ಮಳೆಗಾಲ. ದಂತವೈದ್ಯಕೀಯಕ್ಕೆ ಸೇರಿದ ಹೊಸತು, ಮುಂಬಯಿಯ ಮಾಟುಂಗಾದಲ್ಲಿ ಬಾಡಿಗೆ ಕೋಣೆ ಕೇಳಲು ಹೋಗಿದ್ದೆ. ಟಿಬೆಟ್ ನಿರಾಶ್ರಿತರಿಗೆ ಸರ್ಕಾರ ಕೊಡುವ ನೋಂದಣಿ ಪತ್ರದಲ್ಲಿ ‘ವಿದೇಶಿ’ ಎಂದಿದ್ದುದನ್ನು ಕಂಡ ಮನೆಯೊಡೆಯರು ಮರುಮಾತಿಲ್ಲದೆ ಅದನ್ನು ಮಡಚಿ ಹಿಂದಿರುಗಿಸಿದರು. 1959ರ ನಂತರ ಟಿಬೆಟ್ ಬಿಟ್ಟು ಬಂದವರ ಮೊಮ್ಮಗ ನಾನು. ಹುಟ್ಟಿ ಬೆಳೆದದ್ದು ಮುಂಡಗೋಡಿನ ನಿರಾಶ್ರಿತರ ಶಿಬಿರದಲ್ಲಿ. ಅದನ್ನು ಬಿಟ್ಟರೆ ನನಗೆ ಬೇರೆ ಊರೇ ಇರಲಿಲ್ಲ.

ಮೆಟ್ಟಿಲ ಮೇಲೆ ತರಕಾರಿ ಚೀಲ ಹಿಡಿದು ನಿಂತಿದ್ದ ನೀವು, “ಯಾವೂರು ತಮ್ಮಾ?” ಎಂದಿರಿ. ನನ್ನ ಕನ್ನಡ ಕೇಳಿದ್ದೇ ತಡ, ಚೀಲ ಕೆಳಗಿಟ್ಟು, “ಇವನು ನಮ್ಮ ಶಿರಸಿ ಕಡೆಯ ಹುಡುಗ, ಜವಾಬ್ದಾರಿ ನನ್ನದು” ಎಂದು ಬಾಯಿಮಾತಿನಲ್ಲೇ ಜಾಮೀನು ನಿಂತಿರಿ. ನಮ್ಮ ಹುಡುಗ! ಆ ಮಾತು ಇಂದಿಗೂ ಕಿವಿಯಲ್ಲಿದೆ.

ಅದೇ ಕೋಣೆಯಲ್ಲಿ ರಾತ್ರಿಯೆಲ್ಲ ಕುಳಿತು, ಓದಿನ ಅಭ್ಯಾಸಕ್ಕೆಂದು ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿದ್ದೇನೆ. ದವಡೆ ಹಲ್ಲಿನ ಒಂದು ಉಬ್ಬು ತಪ್ಪಿದರೂ ಹೊಸ ತುಂಡು, ಮೊದಲಿನಿಂದ ಕೆತ್ತನೆ. ಈಗ ನನ್ನದೇ ದವಾಖಾನೆ ಇದೆ.

ಹೆಸರು ಕೇಳೋಣವೆಂದು ಮರುವಾರ ಹುಡುಕಿದಾಗ ನೀವು ಊರಿಗೆ ಹೋಗಿಬಿಟ್ಟಿದ್ದಿರಿ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಿರಿ. ಮುಂದಿನ ಎರಡು ಹಲ್ಲು ಇರಲಿಲ್ಲ. ಅವನ್ನು ನನ್ನ ಕೈಯಾರೆ ಕಟ್ಟಿಕೊಡಬೇಕೆಂದಿದೆ. ದಯವಿಟ್ಟು ಒಮ್ಮೆ ಬನ್ನಿ.