ಪುಟ್ಟಿ, ಆ ‘ಇಷ್ಟೇನಾ?’ ಬಗ್ಗೆ

ತೀರ್ಥಹಳ್ಳಿ
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಕೈ ಸೇರಿತು. ಹೊಸ ಮನೆಯ ಸುದ್ದಿ, ನೀವಿಬ್ಬರೂ ಬಾಡು ಬಿಟ್ಟ ಸುದ್ದಿ ಎಲ್ಲ ಗೊತ್ತಿರುವುದೇ, ಅದರ ಮಾತು ಬೇಡ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, “ಭಾನುವಾರದ ಊಟಕ್ಕೆ ಊರಿಂದ 15 ಜನ ಬಂದು ಎಲೆ ಮುಂದೆ ಕೂತು ‘ಇಷ್ಟೇನಾ?’ ಅಂದುಬಿಟ್ಟರೆ ಏನು ಮಾಡಲಿ ಅತ್ತೆ” ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಪುಷ್ಯ ಮಳೆ ಹಂಚಿನ ಮೇಲೆ ಬಿಡದೆ ಹೊಯ್ಯುತ್ತಿದೆ, ನಾನು ಕಣ್ಣು ಬಿಟ್ಟುಕೊಂಡು ಮಲಗಿರುತ್ತೇನೆ.

ಜೊತೆಗೆ ಕಳಿಸಿದ ಅಡುಗೆ ಪಟ್ಟಿಯನ್ನೂ ನೋಡಿದೆ. 11 ಬಗೆ. ಪನೀರು, ಗೋಬಿ, ಸೋಯಾ ಹಾಕಿ ಕೋಳಿ ಸಾರಿನ ಹಾಗೇ ಒಂದು ಸಾರು. ಹೆದರಿಕೊಂಡು ಬರೆದ ಪಟ್ಟಿ ಅಂತ ಓದಿದ ಕೂಡಲೇ ಗೊತ್ತಾಯಿತು. ಸೋಯಾವನ್ನು ಕೋಳಿ ಅಂತ ಬಡಿಸಿದರೆ ಉಣ್ಣುವವರಿಗೆ ಕೋಳಿಯೇ ನೆನಪಾಗುತ್ತದೆ ಮಗಾ. ಅದೊಂದನ್ನು ಮಾತ್ರ ತೆಗೆದುಬಿಡು. ಉಳಿದದ್ದು ನಿನ್ನಿಷ್ಟ, ನಿನ್ನ ಮನೆ.

ಆದರೂ ಹೇಳುತ್ತೇನೆ. ನಮ್ಮವರಿಗೆ ಬಗೆ ಹೆಚ್ಚಾದರೆ ಹೊಟ್ಟೆ ತುಂಬುವುದಿಲ್ಲ. ಬಿಸಿ ಕಡುಬು ಮುರಿದು ಅದ್ದಲು ಗಟ್ಟಿಯಾದ, ಖಾರವಾದ ಒಂದು ಸಾರು ಬೇಕು, ಹಲ್ಲಿಗೆ ಕೆಲಸ ಕೊಡುವಂಥದ್ದೊಂದು ಬೇಕು, ಮೇಲೆ ಸ್ವಲ್ಪ ಜಿಡ್ಡು ತೇಲಬೇಕು. ಕೋಳಿ ಸಾರಿನಲ್ಲಿ ನಾವು ಇಷ್ಟಪಡುವುದರಲ್ಲಿ ಮುಕ್ಕಾಲು ಪಾಲು ಆ ಹುರಿದ ಕಾಯಿ, ಸುಟ್ಟ ಈರುಳ್ಳಿ, ಕೊತ್ತಂಬರಿ ಬೀಜ, ಚಕ್ಕೆ ಲವಂಗದ್ದೇ. ಅದೇ ಮಸಾಲೆಯನ್ನು ಎಳೆ ಬಿದಿರಿನ ಕಳಲೆಗೆ ಹಾಕು, ಹಲಸಿನ ಬೀಜಕ್ಕೆ ಹಾಕು. ಕೆಮ್ಮಣ್ಣು ಬಳಿದಿಟ್ಟ ಬೀಜ ನನ್ನ ಅಟ್ಟದ ಮೇಲೆ ಇನ್ನೂ ಒಂದು ಬುಟ್ಟಿ ಇದೆ. ಕಳಲೆಯನ್ನೂ ಇಲ್ಲೇ ಹೆಚ್ಚಿ ನೀರಿಗೆ ಹಾಕಿ ತರುತ್ತೇನೆ. ಶಿವಮೊಗ್ಗದ ಮಾರ್ಕೆಟ್ಟಿನಲ್ಲಿ ತಂದು ಅವಸರದಲ್ಲಿ ಒಗ್ಗರಣೆಗೆ ಹಾಕಿಬಿಟ್ಟೀಯ. 3 ದಿನ ನೆನೆಯಬೇಕು, ದಿನಾ ನೀರು ಬದಲಿಸಬೇಕು, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಇಲ್ಲದಿದ್ದರೆ ಅದು ವಿಷವೇ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬರದೆ ಇರಲಾಗುತ್ತಿಲ್ಲ. “ಇಷ್ಟೇನಾ?” ಅಂತ ನಮ್ಮ ಮನೆಯಲ್ಲಿ ಒಮ್ಮೆ ಯಾರೋ ಅಂದಿದ್ದಾರೆ. ನಾನೇ ಅಂದಿದ್ದು.

1986ರ ಮಳೆಗಾಲ, ನೀನಿನ್ನೂ ಹುಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಿಮ್ಮ ಮಾವನ ಜೊತೆ ತವರಿಗೆ ಬಂದಿದ್ದೆ. ನಿನ್ನ ಅಮ್ಮ ಅಕ್ಕಿ ರೊಟ್ಟಿ, ಹುರುಳಿಕಟ್ಟಿನ ಸಾರು, ಕಳಲೆ ಪಲ್ಯ ಬಡಿಸಿದರು. ನಾನು ತಟ್ಟೆ ನೋಡಿ, ಗಂಡನೆದುರು ತವರಿನ ದೌಲತ್ತು ತೋರಿಸಬೇಕು ಅನ್ನುವ ಹುಚ್ಚಿನಲ್ಲಿ, “ಇಷ್ಟೇನಾ ಅತ್ತಿಗೆ? ಕೋಳಿ ಕೊಯ್ದಿಲ್ವಾ?” ಅಂದೆ. ಅತ್ತಿಗೆ ಏನೂ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ಬಾಗಿಲಿನಿಂದ ಹೋದರು. ಸ್ವಲ್ಪ ಹೊತ್ತಿಗೆ ಎರಡು ಮೊಟ್ಟೆ ಹುರಿದು ತಂದು ನಮ್ಮ ತಟ್ಟೆಗೆ ಹಾಕಿದರು. ಅವರ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಆ ಮಳೆಯಲ್ಲಿ ಗದ್ದೆ ದಾಟಿ ಪಕ್ಕದ ಮನೆಗೆ ಹೋಗಿ ಮೊಟ್ಟೆ ಕೇಳಿ ತಂದಿದ್ದರು. ನಾನು ಅಂಚನ್ನು ನೋಡಿದೆ, ಆದರೆ ಏನೂ ಯೋಚಿಸಲಿಲ್ಲ. ಮೊಟ್ಟೆ ತಿಂದೆ.

ಆ ವರ್ಷ ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದಿತ್ತು, ಔಷಧಿ ಹೊಡೆಸಲು ಮೈಲುತುತ್ತ ಕೊಳ್ಳಲಿಕ್ಕೆ ಇದ್ದ ಕೋಳಿಗಳನ್ನೆಲ್ಲ ಹಿಂದಿನ ವಾರವೇ ಮಾರಿದ್ದರು ಅಂತ ನನ್ನ ಅಮ್ಮ ಎಷ್ಟೋ ವರ್ಷದ ಮೇಲೆ ಹೇಳಿದಳು. ಅಷ್ಟು ಹೊತ್ತಿಗೆ ತಪ್ಪಾಯಿತು ಅನ್ನುವ ಕಾಲ ಮೀರಿತ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅಂದಿನಿಂದ ಇಂದಿನವರೆಗೆ ನಾನು ತವರಿಗೆ ಹೋದ ಒಂದು ದಿನವೂ ನಿನ್ನ ಅಮ್ಮ ಕೋಳಿ ಕೊಯ್ಯದೆ ಬಿಟ್ಟಿಲ್ಲ. ಬೇಡ ಅತ್ತಿಗೆ ಅಂದರೂ ಬಿಡುವುದಿಲ್ಲ. ಆ ಹುರುಳಿ ಸಾರನ್ನು ಮತ್ತೆ ನನಗೆ ಬಡಿಸಿಯೇ ಇಲ್ಲ. ಎಂಥ ಸಾರು ಅಂತೀಯ ಅದು! ನಿಮ್ಮ ಮಾವ ಮೂರು ಸಲ ಹಾಕಿಸಿಕೊಂಡಿದ್ದರು.

ಅದಕ್ಕೇ ಹೇಳುವುದು, ಯಾರಾದರೂ ಹಾಗೆ ಅಂದರೆ ಅದು ನಿನ್ನ ಅಡುಗೆಯ ಕೊರತೆ ಅಂತ ತಿಳಿಯಬೇಡ. ಬಡಿಸುವಾಗ ನೀನೇ ಮೊದಲು “ಬಾಡಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ” ಅಂತ ಬಾಯಿಬಿಡಲೂ ಬೇಡ. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಯ ದಿನ ಬದುವಿನ ಮೇಲೆ ಕೂತು ಬೆರಕೆ ಸೊಪ್ಪು, ಕೊಟ್ಟೆ ಕಡುಬು ಉಂಡೆದ್ದ ನಿನ್ನ ದೊಡ್ಡಪ್ಪಂದಿರು ಬಾಡೆಲ್ಲಿ ಅಂದದ್ದು ಕೇಳಿದ್ದೀಯಾ? ಅವತ್ತು ಯಾರೂ ಕ್ಷಮೆ ಕೇಳಿಕೊಂಡು ಬಡಿಸುವುದಿಲ್ಲ.

ಹುರುಳಿ ಎಷ್ಟು ಅಂತ ಕೇಳಿದ್ದೀಯ, ಮರೆತಿದ್ದೆ. 15 ಜನಕ್ಕೆ 1 ಕೆಜಿ ಹಾಕು. ಅಂಗನವಾಡಿಯಲ್ಲಿ 28 ವರ್ಷ ಮಕ್ಕಳಿಗೆ ಕಾಳು ಅಳೆದವಳು ನಾನು, 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ. ಬರೀ ಅನ್ನ ತಿಳಿಸಾರು ಉಂಡರೆ ನಾಲ್ಕು ಗಂಟೆಗೆ ಹಸಿವು, ಕಾಳು ಉಂಡರೆ ರಾತ್ರಿಯವರೆಗೆ ತಡೆಯುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೇಯಿಸಿ, ಬಸಿದ ಕಟ್ಟನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಬೇಕು. ಬೆಂದ ಕಾಳಿನಲ್ಲಿ ಒಂದು ಹಿಡಿ ಮಸಾಲೆ ಜೊತೆ ರುಬ್ಬಿದರೆ ಸಾರು ಗಟ್ಟಿಯಾಗುತ್ತದೆ. ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆಗೆ ಕೈ ಹಿಡಿಯಬೇಡ. ಜೀರಿಗೆ ಮೆಣಸಿನ ಚಟ್ನಿ, ಅಪ್ಪೆಮಿಡಿ, ಕೊನೆಗೆ ಮಜ್ಜಿಗೆ. ಕಡುಬು ಮಾತ್ರ ಆರಿಸಿ ಇಡಬೇಡ, ಒಬ್ಬೊಬ್ಬರು ಕೂತ ಹಾಗೆ ಹಬೆಯಿಂದ ತೆಗೆದು ಹಾಕು. ಇದೆಲ್ಲ ನಿನಗೆ ಗೊತ್ತಿದ್ದರೆ ಬಿಟ್ಟುಬಿಡು.

ಊಟದ ಹಿಂದಿನ ದಿನ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿನ್ನ ಅಮ್ಮನನ್ನೂ ಅವತ್ತೇ ಕರೆಸಿಕೊ. ಸಾರು ಅವರ ಕೈಯಲ್ಲೇ ಆಗಲಿ. ಕೇಳಲು ನನಗೆ ಬಾಯಿಲ್ಲ, ನೀನೇ ಕೇಳು ಮಗಾ, ನನ್ನ ಹೆಸರು ಹೇಳಬೇಡ. ಭಾನುವಾರ ಮೊದಲ ಪಂಕ್ತಿಯಲ್ಲಿ ನನ್ನನ್ನು ಕೂರಿಸು. ಇನ್ನೊಂದು ಸಲ ಸಾರು ಹಾಕಿ ಅಂತ ನಾನು ಅವರನ್ನು ಕೇಳಬೇಕು, ಒಳಗಿದ್ದವರಿಗೂ ಕೇಳುವ ಹಾಗೆ.

ಇತಿ,
ನಿನ್ನ ಅತ್ತೆ