ಕೇದಾರ ಯಾತ್ರಿಕರಿಗೆ ಭೂಕಂಪದ ಅರಿವು ಬೇಕು

ಮಾನ್ಯ ಸಂಪಾದಕರೇ,

ಹಿಮಾಲಯದಲ್ಲಿ ಭೂಮಿ ನಡುಗಿದಾಗಲೆಲ್ಲ ಪತ್ರಿಕೆಗಳಲ್ಲಿ ರಿಕ್ಟರ್ ಮಾಪಕದ ಅಂಕಿ, ಬಿರುಕು ಬಿಟ್ಟ ಕಟ್ಟಡಗಳ ಚಿತ್ರ, ಸತ್ತವರ ಸಂಖ್ಯೆ ಬರುತ್ತವೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಹಿಮದ ಬೆಟ್ಟಗಳಲ್ಲಾದರೋ ಎಷ್ಟೋ ಅನಾಹುತ ಶುರುವಾಗುವುದೇ ಕಂಪನ ನಿಂತ ಮೇಲೆ. ಬೇಸಿಗೆ ರಜೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗಗಳಿಂದ ತಂಡ ಕಟ್ಟಿಕೊಂಡು ಕೇದಾರ, ಬದರಿಗೆ ಹೊರಡುವವರಿರುವುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ದುರ್ಗದ ಕೋಟೆಯಲ್ಲಿ ಬಂಡೆಯ ಮೇಲೆ ಬಂಡೆ ಕೂತಿರುವುದನ್ನು ನೋಡುತ್ತಲೇ ಬೆಳೆದ ನಮಗೆ ಬೆಟ್ಟವೆಂದರೆ ಅಲುಗದ ವಸ್ತು. ಹಿಮಾಲಯದ ಎತ್ತರದಲ್ಲಿ ಬಂಡೆಯ ಸೀಳುಗಳೊಳಗೆ ಹೆಪ್ಪುಗಟ್ಟಿದ ನೀರೇ ಗಾರೆಯಂತೆ ಕಲ್ಲನ್ನು ಹಿಡಿದಿರುತ್ತದೆ. ಅದು ಕರಗುತ್ತ ಬಂದಂತೆ ಹಿಡಿತ ಸಡಿಲವಾಗುತ್ತದೆ. ಭೂಕಂಪದ ಅಲೆ ಕಣಿವೆಗಿಂತ ಶಿಖರದಂಚನ್ನು ಹೆಚ್ಚು ಜೋರಾಗಿ ಕುಲುಕುವುದರಿಂದ ಕಲ್ಲು, ಹಿಮ, ನೀರ್ಗಲ್ಲು ಒಟ್ಟಿಗೇ ಕಳಚಿಕೊಳ್ಳುತ್ತವೆ, ಉರುಳುವಾಗ ಹಿಮದ ಒಂದು ಪಾಲು ಕರಗಿ ಇಡೀ ರಾಶಿ ಕೆಸರಿನ ಹೊಳೆಯಾಗಿ ಬಹುದೂರ ಹರಿಯುತ್ತದೆ. 1970ರ ಮೇ 31ರಂದು ಪೆರು ದೇಶದ ಹುವಾಸ್ಕರಾನ್ ಶಿಖರದಿಂದ ಹೀಗೆ ಕಳಚಿದ ರಾಶಿ ಕೆಲವೇ ನಿಮಿಷಗಳಲ್ಲಿ ಯುಂಗಾಯ್ ಪಟ್ಟಣವನ್ನು ಹೂತುಹಾಕಿತು. ಉಳಿದುಕೊಂಡವರಲ್ಲಿ ಕೆಲವರು ಓಡಿ ಹತ್ತಿದ್ದು ಊರಿನ ಸ್ಮಶಾನದ ದಿಬ್ಬವನ್ನು. 2015ರ ಏಪ್ರಿಲ್ 25ರ ನೇಪಾಳದ 7.8 ತೀವ್ರತೆಯ ಭೂಕಂಪದಲ್ಲಿ ಲಾಂಗ್‌ಟಾಂಗ್ ಗ್ರಾಮಕ್ಕೆ ಇದೇ ಗತಿಯಾಯಿತು. ಕುಸಿತ ಎಬ್ಬಿಸಿದ ಗಾಳಿಯೊಂದಕ್ಕೇ ಎದುರು ದಡದ ಮರಗಳು ಮಲಗಿದ್ದವು.

ಇನ್ನು ನದಿಯ ಮಾತು. ಕುಸಿದ ಗುಡ್ಡ ಹೊಳೆಗೆ ಅಡ್ಡಬಿದ್ದರೆ ಹಿಂದೆ ಕೆರೆ ಕಟ್ಟುತ್ತದೆ. ಪಾಮಿರ್ ಪರ್ವತಗಳಲ್ಲಿ 1911ರಲ್ಲಿ ಹಾಗಾದ ಸಾರೆಜ್ ಸರೋವರ, ಐದುನೂರು ಮೀಟರಿಗೂ ಎತ್ತರದ ಮಣ್ಣುಕಲ್ಲಿನ ಒಡ್ಡಿನ ಹಿಂದೆ, ಇಂದಿಗೂ ನಿಂತಿದೆ. ಎಲ್ಲವೂ ಹಾಗೆ ನಿಲ್ಲುವುದಿಲ್ಲ: 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪದಲ್ಲಿ ಕಟ್ಟಿಕೊಂಡ ಸುಬನ್‌ಸಿರಿ ನದಿ ಕೆಲ ದಿನಗಳ ಬಳಿಕ ಒಡ್ಡು ಒಡೆದು ಕೆಳಗಿನ ಊರುಗಳ ಮೇಲೆ ನುಗ್ಗಿತು. ಕಂಪನದ ನಂತರ ತುಂಬಿದ ಹೊಳೆ ಇದ್ದಕ್ಕಿದ್ದಂತೆ ಬತ್ತಿದರೆ ಅದು ಓಡಬೇಕೆಂಬ ಸೂಚನೆ. ನಮ್ಮವರು ಕಾಲು ತೊಳೆಯಲು ಇಳಿದಾರೆಂಬುದೇ ನನ್ನ ಭಯ.

ನಾನೂ ಹೋಗಿ ಬಂದವನೇ. ನದಿ ಕಾಣುವ ಕೋಣೆಯೆಂದು ಹೆಚ್ಚಿಗೆ ಹಣ ಕೊಟ್ಟು ಉಳಿದೆವು. ಹಿಂಬದಿಯ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರ ಗುಡ್ಡದ ಇಳಿಜಾರು, ರಾತ್ರಿಯಿಡೀ ತಗಡಿನ ಮೇಲೆ ಸಣ್ಣ ಕಲ್ಲುಗಳು ಉದುರುವ ಸದ್ದು. ಭೂಮಿ ನಡುಗಿದರೆ ಯಾವ ಕಡೆ ಓಡಬೇಕೆಂದು ನಮ್ಮನ್ನು ಕರೆದೊಯ್ದವರು ಹೇಳಲಿಲ್ಲ, ನಾವೂ ಕೇಳಲಿಲ್ಲ. 2013ರ ಕೇದಾರದ ಪ್ರವಾಹಕ್ಕಾಗಲಿ 2021ರ ಚಮೋಲಿಯ ದುರಂತಕ್ಕಾಗಲಿ ಭೂಕಂಪ ಕಾರಣವಲ್ಲ. ನಡುಕವಿಲ್ಲದೆಯೇ ಅಷ್ಟಾಯಿತು.

ಆದ್ದರಿಂದ ಪ್ರವಾಸ ಏರ್ಪಡಿಸುವವರು ತಂಗುವ ಜಾಗ ಇಳಿಜಾರಿನ ಬುಡದಲ್ಲಿದೆಯೇ, ಹೊಳೆಯಂಚಿನಲ್ಲಿದೆಯೇ, ಹತ್ತಿರದ ಎತ್ತರದ ಬಯಲು ಎಲ್ಲಿದೆ ಎಂಬುದನ್ನು ಮುಂಗಡ ಪಡೆಯುವಾಗಲೇ ತಿಳಿಸುವಂತೆ ಜಿಲ್ಲಾಡಳಿತ ಸೂಚಿಸಬೇಕು. ತಾವೂ ಭೂಕಂಪದ ವರದಿಯೊಡನೆ, ಬಿರುಕು ಬಿಟ್ಟ ಇಳಿಜಾರುಗಳು ಮುಂದಿನ ಮಳೆಗಾಲಗಳಲ್ಲೂ ಕುಸಿಯುತ್ತಲೇ ಇರುತ್ತವೆಂಬುದನ್ನು ಎರಡು ಸಾಲಿನಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಚಿತ್ರದುರ್ಗ